ದೊರೆಯ ಮಾತು ಯಾರ ಬಾಯಲ್ಲಿ

ಚೀನೀ ಧಾರಾವಾಹಿಗಳ ಗೀಳು ಸಿಂಧನೂರಿಗೂ ಬಂದು ಮುಟ್ಟಿದೆ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅರಮನೆಯ ಒಳಸಂಚು ನೋಡಿ ಬೆಳಿಗ್ಗೆ ಕೆಂಗಣ್ಣು ಮಾಡಿಕೊಂಡು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಅರಮನೆಯ ಸೇವಕ ಬಂಗಾರ ಬಣ್ಣದ ಸುರುಳಿ ಬಿಚ್ಚುತ್ತಾನೆ, ಮನೆಮಂದಿಯೆಲ್ಲ ಮಂಡಿಯೂರುತ್ತಾರೆ, ಅವನು ರಾಗವಾಗಿ ಏನನ್ನೋ ಓದುತ್ತಾನೆ. ಅದಕ್ಕೆ ಅವರ ಭಾಷೆಯಲ್ಲಿ ಏನಂತಾರೆ? ಮಸ್ಕಿ ಕಡೆಯ ಮೇಷ್ಟರುಗಳು ಕೇಳುವುದು ಬೇರೆ: ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಕರೆದೊಯ್ದರೆ ಅವು 'ಇದರಲ್ಲಿ ರಾಜ ಏನು ಆರ್ಡರ್ ಮಾಡ್ಯಾನ್ರೀ' ಅನ್ನುತ್ತವೆ, ಏನು ಹೇಳಬೇಕು? ಎರಡನ್ನೂ ಒಟ್ಟಿಗೆ ಬಿಡಿಸಿದರೆ ಸುಲಭ.

ಮೊದಲು ಚೀನಾದ್ದು. ಧಾರಾವಾಹಿಯ ಆ ಬಂಗಾರದ ಸುರುಳಿಗೆ 'ಶಂಗ್ ಜಿ' ಅನ್ನುತ್ತಾರೆ. ಪೂಜ್ಯ ಇಚ್ಛೆ, ದೊರೆಯ ಮನಸ್ಸು ಎಂದು ಅರ್ಥ ಮಾಡಿಕೊಳ್ಳಬಹುದು. ಆದರೆ ಇದು ಆಡುಮಾತು. ದಫ್ತರದ ಒಳಗೆ ಹೊಕ್ಕರೆ ಒಂದೊಂದು ಬಗೆಯ ಆಜ್ಞೆಗೆ ಒಂದೊಂದು ಹೆಸರು. ಇಡೀ ನಾಡಿಗೆ ಸಾರುವ ಘೋಷಣೆ 'ಜಾವ್'. ವ್ಯವಸ್ಥೆ, ಕಟ್ಟಳೆಗೆ ಸಂಬಂಧಪಟ್ಟದ್ದು 'ಜಿ' (ಶಂಗ್ ಜಿಯ ಜಿ ಬೇರೆ, ಇದು ಬೇರೆ. ಕಿವಿಗೆ ಮಾತ್ರ ಒಂದೇ). ಒಬ್ಬ ಅಧಿಕಾರಿಗೆ ಕೊಡುವ ನೇಮಕ, ಎಚ್ಚರಿಕೆ, ಬುದ್ಧಿಮಾತು 'ಛಿ'. ಕೆಳಗಿನವರಿಗೆ ತಿಳಿಹೇಳುವ ಧಾಟಿಯದು 'ಯು'. ಹಾನ್ ವಂಶದ ಕಾಲಕ್ಕಾಗಲೇ ಇಂಥ ಆಜ್ಞೆಗಳನ್ನು ನಾಲ್ಕು ಜಾತಿಯಾಗಿ ವಿಂಗಡಿಸಿ, ಕೆಲವನ್ನು ಎಷ್ಟು ಉದ್ದದ ಬಿದಿರು ಸೀಳಿನ ಮೇಲೆ ಬರೆಯಬೇಕು ಎಂಬುದನ್ನೂ ಗೊತ್ತು ಮಾಡಿದ್ದರು.

ಈ ಮಾತುಗಳು ತಾವಾಗಿ ಬೆಳೆದು ನಿಂತವಲ್ಲ. ಕ್ರಿಸ್ತಪೂರ್ವ 221ರಲ್ಲಿ ಛಿನ್ ಶಿ ಹ್ವಾಂಗ್ ಆರು ರಾಜ್ಯಗಳನ್ನು ಗೆದ್ದು ಚೀನಾವನ್ನು ಒಂದು ಮಾಡಿದ. ಗೆದ್ದ ಕೂಡಲೇ ಮಂತ್ರಿಗಳನ್ನು ಕರೆದು, ಇಷ್ಟು ದೊಡ್ಡವನಾದ ಮೇಲೆ ನನ್ನನ್ನು ಏನೆಂದು ಕರೆಯಬೇಕು ಎಂದು ಕೇಳಿದ. ಹಿಂದಿನ ಅರಸರ ಆಜ್ಞೆಗೆ ಹೇಳುತ್ತಿದ್ದ ಮಾಮೂಲಿ ಮಾತುಗಳು ತಮಗೆ ಬೇಡ, ಇನ್ನು ಮೇಲೆ 'ಜಿ' ಮತ್ತು 'ಜಾವ್' ಎನ್ನೋಣ ಎಂದು ಮಂತ್ರಿಗಳು ಸೂಚಿಸಿದರು. ಇನ್ನೊಂದು ಸೂಚನೆ ಇದಕ್ಕಿಂತ ಮೋಜಿನದು. 'ಜೆನ್' ಎಂದರೆ ನಾನು. ಅಲ್ಲಿಯವರೆಗೆ ಯಾರು ಬೇಕಾದರೂ ತಮ್ಮನ್ನು ಜೆನ್ ಎಂದುಕೊಳ್ಳಬಹುದಿತ್ತು, ಕವಿಗಳೂ ಎಂದುಕೊಂಡಿದ್ದಾರೆ. ಅವತ್ತಿನಿಂದ ಆ 'ನಾನು' ಚಕ್ರವರ್ತಿ ಒಬ್ಬನದೇ. ಭೂಮಿಗೆ ಬೇಲಿ ಹಾಕಿದ ಅರಸರನ್ನು ನಾವು ಕಂಡಿದ್ದೇವೆ, ಸರ್ವನಾಮಕ್ಕೆ ಬೇಲಿ ಹಾಕಿದವನು ಅವನು.

ಬೇಲಿ ಹಾಕಿದವನ ನಂತರ ಬಂದವರು ಅದರ ಮೇಲೆ ಮುಳ್ಳೂ ಇಟ್ಟರು. ಚೀನಾದ ಇತಿಹಾಸದಲ್ಲಿ ತನ್ನದೇ ಹೆಸರಿನಲ್ಲಿ ಸಿಂಹಾಸನ ಏರಿದ ಹೆಣ್ಣು ಒಬ್ಬಳೇ, ವೂ ಜ಼ೆಟಿಯನ್. 689ರಲ್ಲಿ ಅವಳು ತನಗಾಗಿ ಒಂದು ಹೊಸ ಅಕ್ಷರವನ್ನೇ ಮಾಡಿಸಿ ಅದನ್ನು ಹೆಸರಾಗಿ ಇಟ್ಟುಕೊಂಡಳು. ಅದರ ಉಚ್ಚಾರ 'ಜಾವ್'. ರಾಜಾಜ್ಞೆಗೂ ಜಾವ್, ರಾಣಿಗೂ ಜಾವ್ ಆದರೆ ಗುಮಾಸ್ತ ದಿನಕ್ಕೆ ನೂರು ಸಲ ರಾಣಿಯ ಹೆಸರು ಹಿಡಿದು ಕೂಗಿದಂತಾಗುತ್ತದೆ. ಆದ್ದರಿಂದ ಆಜ್ಞೆಯ ಹೆಸರೇ ಬದಲಾಯಿತು, ಜಾವ್ ಇದ್ದಲ್ಲೆಲ್ಲ 'ಜಿ' ಬಂತು.

ಛಿನ್ ಶಿ ಹ್ವಾಂಗ್ ತನ್ನ ಸಾಧನೆಯ ಹೊಗಳಿಕೆಯನ್ನು ಕಲ್ಲಿನ ಮೇಲೂ ಕೆತ್ತಿಸಿದ, ಪರ್ವತಗಳ ಮೇಲೆ ನಿಲ್ಲಿಸಿದ. ನನಗೆ ಇಷ್ಟವಾಗುವುದು ಅವನ ತೂಕದ ಬಟ್ಟುಗಳು. ತೂಕ, ಅಳತೆ ಇಡೀ ನಾಡಿಗೆ ಒಂದೇ ಇರಬೇಕು ಎಂಬ ಕ್ರಿಸ್ತಪೂರ್ವ 221ರ ಆಜ್ಞೆ ಒಟ್ಟು 40 ಅಕ್ಷರದ್ದು. ಅದನ್ನು ಆ ಬಟ್ಟುಗಳ ಮೇಲೆ, ಕೊಳಗಗಳ ಮೇಲೆಯೇ ಕೊರೆದಿದ್ದಾರೆ. ಸಂತೆಯಲ್ಲಿ ಕಾಳು ಅಳೆಸಿಕೊಳ್ಳುವವನ ಕಣ್ಣೆದುರೇ ರಾಜಾಜ್ಞೆ.

ಈಗ ಇತಿಹಾಸದ ಒಂದು ಲೆಕ್ಕ ನೋಡಿ. ಅಶೋಕ ತೀರಿಕೊಂಡದ್ದು ಕ್ರಿಸ್ತಪೂರ್ವ 232ರ ಸುಮಾರಿಗೆ. ಅಂದರೆ ಚೀನಾದ ದೊರೆ ತನ್ನ 'ನಾನು'ವಿಗೆ ಬೇಲಿ ಹಾಕಿಕೊಳ್ಳುವ ಹನ್ನೊಂದು ವರ್ಷದ ಹಿಂದಿನವರೆಗೂ ಬದುಕಿದ್ದ ಅರಸನ ಮಾತು ಮಸ್ಕಿಯ ದುರ್ಗದ ಗುಡ್ಡದ ಬಂಡೆಯ ಮೇಲಿದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದವರು, ಇಬ್ಬರೂ ದೊಡ್ಡ ನಾಡನ್ನು ಕಟ್ಟಿ ಆಳಿದವರು, ಇಬ್ಬರೂ ಕಲ್ಲು ನಂಬಿದವರು. ಸ್ವಭಾವ ಮಾತ್ರ ಉತ್ತರ, ದಕ್ಷಿಣ.

ಮಸ್ಕಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಕಲ್ಲುಗಳ ಮೇಲೆ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' ಎಂಬ ಬಿರುದು. ಇವನು ಸಿಂಹಳದ ಅರಸನಿರಬೇಕು ಎಂದು ಮೊದಲು ಊಹಿಸಿದರು, ಅಲ್ಲೂ ಒಬ್ಬ ದೇವಾನಂಪಿಯ ಇದ್ದನಲ್ಲ. ಸಿಂಹಳದ ಪಾಳಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಇವನು ಅಶೋಕನೇ ಎಂದು ತೋರಿಸಿದ. ಆದರೆ ಕಲ್ಲಿನ ಮೇಲೆ ಹೆಸರಿರಲಿಲ್ಲ. 1915ರ ಜನವರಿಯಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ಶುರುವಿನಲ್ಲೇ ಬಿರುದು, ಅದರ ಮಗ್ಗುಲಿಗೆ ಹೆಸರು: ಅಸೋಕ. ನಿಜಾಮರ ಪುರಾತತ್ವ ಇಲಾಖೆ ಹುಟ್ಟಿ ಆಗ ಒಂದು ವರ್ಷ, ಅದರ ಮೊದಲ ಪುಸ್ತಕವೇ ಮಸ್ಕಿಯ ಮೇಲೆ ಬಂತು. ಹಟ್ಟಿಯ ಕಡೆ ಚಿನ್ನ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಗಟ್ಟಿ ಸಿಕ್ಕಿರಲಾರದು.

ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಅಶೋಕನ ಹೆಸರು ಹೇಳುವ ಶಾಸನಗಳು ಮಸ್ಕಿಯ ನಂತರವೂ ಸಿಕ್ಕವು. ಮಧ್ಯಪ್ರದೇಶದ ಗುಜರ್ರಾದಲ್ಲಿ ಒಂದು. ಉಳಿದೆರಡು ನಿಟ್ಟೂರು ಮತ್ತು ಉಡೇಗೋಳದಲ್ಲಿ. ಸಿಂಧನೂರಿನವರು ಹೊಳೆ ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ಊರುಗಳವು. ನಾಲ್ಕರಲ್ಲಿ ಮೂರು ತುಂಗಭದ್ರೆಯ ಆಚೀಚೆ! ಪಾಟಲಿಪುತ್ರದ ಹತ್ತಿರ ಬಿರುದಿನಲ್ಲೇ ಉಳಿದವನು ನಮ್ಮ ಭತ್ತದ ಗದ್ದೆಗಳ ನಡುವೆ ಬಂದು ಹೆಸರು ಹೇಳಿಕೊಂಡಿದ್ದಾನೆ. ದೂರದ ಸೀಮೆಯಲ್ಲಿ ಬಿರುದು ಮಾತ್ರ ಹೇಳಿದರೆ ಯಾರೆಂದು ತಿಳಿಯದು, ಹೆಸರೂ ಬೇಕು ಎಂದು ಇಲ್ಲಿನ ಅಧಿಕಾರಿಗಳಿಗೆ ಅನ್ನಿಸಿರಬಹುದು. ಇದು ನನ್ನ ಊಹೆ ಅಷ್ಟೆ, ಪಂಡಿತರು ಒಪ್ಪಲೇಬೇಕೆಂದಿಲ್ಲ.

ಮೇಷ್ಟರ ಪ್ರಶ್ನೆಗೆ ಬರೋಣ. ಮಸ್ಕಿಯ ಬಂಡೆಯಲ್ಲಿ ರಾಜ ಏನು ಆರ್ಡರ್ ಮಾಡಿದ್ದಾನೆ? ನಿಜ ಹೇಳಬೇಕೆಂದರೆ, ಏನೂ ಇಲ್ಲ. ಕಂದಾಯದ ಮಾತಿಲ್ಲ, ಶಿಕ್ಷೆಯ ಮಾತಿಲ್ಲ. ತಾನು ಬುದ್ಧನ ದಾರಿಗೆ ಬಂದು ಎರಡೂವರೆ ವರ್ಷ ದಾಟಿತು ಎನ್ನುತ್ತಾನೆ. ಈಗೀಗ ಹೆಚ್ಚು ಶ್ರದ್ಧೆಯಿಂದ ಶ್ರಮಿಸುತ್ತಿದ್ದೇನೆ ಎನ್ನುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದಲ್ಲ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಸಿಗುತ್ತದೆ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎನ್ನುತ್ತಾನೆ. ಹೀಗೆ ನಡೆದುಕೊಂಡರೆ ಇದು ಬಹುಕಾಲ ಬಾಳಿ ಒಂದೂವರೆ ಪಟ್ಟು ಬೆಳೆಯುತ್ತದೆ ಎಂದು ಮುಗಿಸುತ್ತಾನೆ. ಒಂದೂವರೆ ಪಟ್ಟು ಎಂಬ ಲೆಕ್ಕ ನನಗೆ ಬಹಳ ಪ್ರಿಯ. ನೂರು ಪಟ್ಟು, ಸಾವಿರ ಪಟ್ಟು ಎನ್ನುವುದು ಅರಸರಿಗೆ ಸಲೀಸು. ಒಂದೂವರೆ ಎನ್ನಬೇಕಾದರೆ ಒಳಗೊಬ್ಬ ಪ್ರಾಮಾಣಿಕ ಗುಮಾಸ್ತ ಇರಬೇಕು.

ಇಂಥ ಬರಹಕ್ಕೆ ಅಶೋಕನದೇ ಹೆಸರುಗಳಿವೆ. ದೊಡ್ಡ ಬಂಡೆಶಾಸನಗಳನ್ನು ಅವನು 'ಧಂಮಲಿಪಿ' ಎಂದ. ಮಸ್ಕಿಯಂಥ ಕಿರುಶಾಸನಗಳ ಗುಂಪಿನಲ್ಲಿ ಬರುವ ಮಾತು 'ಸಾವಣ', ಶ್ರಾವಣ. ಅಂದರೆ ಕೇಳಿಸುವುದು. ಓದು ಬರುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಕಲ್ಲಿನ ಮೇಲಿನ ಅಕ್ಷರ ಕೊನೆಗೆ ಯಾರದೋ ಬಾಯಿಂದ ಯಾರದೋ ಕಿವಿಗೆ ಹೋಗಲೇಬೇಕಿತ್ತು. ಕರ್ನೂಲು ಕಡೆಯ ಎರ್ರಗುಡಿಯ ಶಾಸನ ಆ ದಾರಿಯನ್ನೇ ಹೇಳುತ್ತದೆ: ರಾಜುಕನೆಂಬ ಅಧಿಕಾರಿಗೆ ಅಪ್ಪಣೆ ಕೊಡಬೇಕು, ಅವನು ಭೇರಿ ಹೊಡೆಸಿ ಜಾನಪದರಿಗೆ ತಿಳಿಸಬೇಕು. ನಮ್ಮ ಹಳ್ಳಿಗಳಲ್ಲಿ ಹಲಗಿ ಬಡಿದು ಡಂಗುರ ಸಾರುವ ಕೆಲಸದ ವಯಸ್ಸು ಇದರಿಂದ ತಿಳಿಯುತ್ತದೆ. ಇಂಥ ಶಾಸನಗಳು ಗುಡ್ಡಗಳ ಮೇಲೆ, ಜನ ಜಾತ್ರೆಗೆಂದು ಸೇರುವ ಜಾಗಗಳ ಪಕ್ಕದಲ್ಲಿವೆ ಎಂದು ಜರ್ಮನಿಯ ವಿದ್ವಾಂಸ ಹ್ಯಾರಿ ಫಾಕ್ ವಾದಿಸಿದ್ದಾರೆ. ಮಲ್ಲಿಕಾರ್ಜುನನ ಗುಡ್ಡ ಹತ್ತಿದ ಮಸ್ಕಿಯವರಿಗೆ ಆ ವಾದ ಅಷ್ಟೇನೂ ವಿಚಿತ್ರ ಅನ್ನಿಸದು.

ಚೀನಾದ ಸುರುಳಿಗೂ ಬಾಯಿ ಬೇಕಿತ್ತು ಎನ್ನಿ. ಛಿಂಗ್ ವಂಶದ ಕಾಲದಲ್ಲಿ ಬೀಜಿಂಗಿನ ಟಿಯನ್ ಆನ್ ಮನ್ ಬಾಗಿಲ ಮೇಲಿಂದ ಮರದ ಬಂಗಾರ ಲೇಪದ ಪಕ್ಷಿಯ ಕೊಕ್ಕಿಗೆ ಆಜ್ಞೆ ಕಟ್ಟಿ ಕೆಳಗಿಳಿಸುತ್ತಿದ್ದರು. ಆಕಾಶದಿಂದ ಇಳಿದಂತೆ ಕಾಣಬೇಕು ಎಂಬ ಹಂಚಿಕೆ. ಶುರುವಿನ ವಾಕ್ಯವೂ ಅದೇ ಧಾಟಿಯದು, ಆಕಾಶದ ಇಚ್ಛೆಯಂತೆ ಆಳುವ ಚಕ್ರವರ್ತಿ ಹೇಳುತ್ತಾನೆ ಎಂದು. ನಮ್ಮ ಬ್ರಹ್ಮಗಿರಿಯ ಅಶೋಕ ಶಾಸನ ಶುರುವಾಗುವ ರೀತಿ ನೋಡಿ. ಮೊಳಕಾಲ್ಮೂರು ತಾಲ್ಲೂಕಿನ ಆ ಬಂಡೆಯನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಅದರ ಮೊದಲ ಮಾತು ರಾಜನದಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೇಳಬೇಕು ಎಂದಿದೆ. ಕ್ಷೇಮ ಸಮಾಚಾರ ಮುಗಿದ ಮೇಲೆ ದೊರೆಯ ಮಾತು. ಮೇಲ್ಕಚೇರಿ ಕೆಳಕಚೇರಿಗೆ ಬರೆದ ಮುಖಪತ್ರವನ್ನೂ ಕೆತ್ತುವವರು ಬಿಡದೆ ಕೆತ್ತಿಬಿಟ್ಟಿದ್ದಾರೆ. ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬಿಟ್ಟುಕೊಟ್ಟಿಲ್ಲ, 'ಲಿಪಿಕಾರ' ಎಂಬುದನ್ನಂತೂ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದು ಜಂಬ ತೋರಿಸಿದ್ದಾನೆ. ಆ ಸುವರ್ಣಗಿರಿ ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ. ಮಸ್ಕಿ ಎಂದವರಿದ್ದಾರೆ, ಕನಕಗಿರಿ ಎಂದವರಿದ್ದಾರೆ, ಆಂಧ್ರದ ಜೊನ್ನಗಿರಿ ಎಂದವರೂ ಇದ್ದಾರೆ.

ಇವತ್ತಿನ ಸರ್ಕಾರಿ ಆದೇಶದ ತಳದಲ್ಲಿ ಸಹಿಯ ಮೇಲೆ ಏನಿರುತ್ತದೆ ಎಂದು ನೋಡಿದ್ದೀರಾ? ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ. ಸಂವಿಧಾನದ 166ನೇ ವಿಧಿಯಂತೆ ರಾಜ್ಯ ಸರ್ಕಾರದ ಕಾರ್ಯಾಂಗದ ಕೆಲಸವೆಲ್ಲ ರಾಜ್ಯಪಾಲರ ಹೆಸರಿನಲ್ಲೇ ನಡೆಯಬೇಕು. ಸಹಿ ಮಾಡುವುದು ಅಧೀನ ಕಾರ್ಯದರ್ಶಿ. ಆರ್ಯಪುತ್ರನ ಮಾತಿನಂತೆ ಮಹಾಮಾತ್ರ ಬರೆದದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಾಣುವ ವ್ಯತ್ಯಾಸ ಒಂದೇ: ಅಶೋಕನವರು ಕೇಳಿಸಬೇಕು ಎಂದು ಭೇರಿ ಹೊಡೆಸಿದರು, ನಮ್ಮವರು ಪಿಡಿಎಫ್ ಮಾಡಿ ಜಾಲತಾಣದ ಯಾವುದೋ ಮೂಲೆಗೆ ಏರಿಸಿ ಕೈ ತೊಳೆದುಕೊಳ್ಳುತ್ತಾರೆ. ಅದರ ಕನ್ನಡವೂ ಖರೋಷ್ಠಿಯಷ್ಟೇ ಕಷ್ಟ.

ಇನ್ನು ರಾಜಾಜ್ಞೆಗೆ ನಮ್ಮ ಕನ್ನಡದ ಮಾತುಗಳು. ಚೀನಾದ ದೊರೆ ಮಾತುಗಳನ್ನು ಅರಮನೆಯೊಳಗೆ ಕೂಡಿಹಾಕಿದ, ಇಲ್ಲಿ ಆದದ್ದು ಅದರ ತಿರುಗುಮುರುಗು. ದೊರೆಯ ಬಾಯಿಂದ ಹೊರಟದ್ದರಲ್ಲಿ ಬಹಳಷ್ಟು ಜನರ ಬಾಯಿಗೆ ಬಿದ್ದು ಅವರದೇ ಆಯಿತು. ಹಳಗನ್ನಡದ 'ಬೆಸ' ಮಾತ್ರ ಪುಸ್ತಕದಲ್ಲೇ ಉಳಿಯಿತು, ವಿಜಯನಗರದವರ 'ರಾಯಸ' ಮನೆತನದ ಅಡ್ಡಹೆಸರಾಯಿತು, 'ನಿರೂಪ' ನಿರೂಪಕಿಯರ ಪಾಲಾಗಿ ದೂರದರ್ಶನಕ್ಕೆ ಹೋಯಿತು. ತಾಳೆಗರಿಯ 'ಓಲೆ' ಸುತ್ತೋಲೆಯಾಗಿ ಕಚೇರಿಯಲ್ಲೇ ಬೇರೂರಿದೆ, ಗರಿ ಹೋಗಿ ಕಾಗದ ಬಂದು ಈಗ ವಾಟ್ಸಾಪ್ ಬಂದರೂ ಅದು ಓಲೆಯೇ. 'ಅಪ್ಪಣೆ'ಯ ಗತಿ ನೋಡಿ. ದೊರೆ ಅಪ್ಪಣೆ ಕೊಡಿಸುತ್ತಿದ್ದ ಕಾಲ ಹೋಯಿತು. ಈಗ ಬೀಗರ ಮನೆಯಿಂದ ಹೊರಡುವಾಗ ಅಪ್ಪಣೆ ಕೇಳುತ್ತೇವೆ. ಗುಡಿಯಲ್ಲಿ ದೇವರ ಬಲಗಡೆಯ ಹೂ ಬಿದ್ದರೆ ಅಪ್ಪಣೆ ಆಯಿತೆಂದು ಲಗ್ನ ನಿಶ್ಚಯಿಸುತ್ತೇವೆ.

ಎಲ್ಲಕ್ಕಿಂತ ದೂರ ನಡೆದದ್ದು 'ಆಣೆ'. ಸಂಸ್ಕೃತದ ಆಜ್ಞೆ ಪ್ರಾಕೃತದಲ್ಲಿ ಆಣಾ ಆಗಿ, ಕನ್ನಡದಲ್ಲಿ ಆಣೆ ಆಯಿತು. ಅಶೋಕನ ಶಾಸನಗಳಲ್ಲಿ ಆಜ್ಞಾಪಿಸುತ್ತಾನೆ ಎನ್ನುವ ಕಡೆ ಬರುವ 'ಆಣಪಯತಿ' ಇದರ ಹತ್ತಿರದ ನೆಂಟ. ಹಳಗನ್ನಡದಲ್ಲಿ ಆಣೆ ಎಂದರೆ ಅರಸನ ಅಧಿಕಾರ, ಅರಸನ ಆಜ್ಞೆ. ಅದರ ಹೆಸರು ಹಿಡಿದು ಮಾತಿಗೆ ಕಟ್ಟುಬೀಳುವುದು ರೂಢಿಯಾಗಿ ಮೆಲ್ಲಗೆ ಪ್ರಮಾಣ ಎಂಬ ಅರ್ಥ ಮೇಲೆ ಬಂತು. ಹನ್ನೆರಡನೆಯ ಶತಮಾನದ ಶರಣರು ಆಣೆಯಿಟ್ಟು ಮಾತಾಡುವುದು ತಮ್ಮ ದೇವರ ಹೆಸರಿನಲ್ಲಿ. ಇವತ್ತು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ 'ನಿಮ್ಮಾಣಿಗೂ ಅಣ್ಣಾ, ನಾ ಹತ್ತ ರೂಪಾಯಿ ಜಾಸ್ತಿ ತಗೊಂಡಿಲ್ಲ' ಎನ್ನುವ ಆಟೋದವನ ನಾಲಿಗೆಯಲ್ಲಿ ಅದೇ ಮಾತಿದೆ. ಚಕ್ರವರ್ತಿಯ ಅಧಿಕಾರವೆಲ್ಲ ಆಟೋ ಬಾಡಿಗೆಯ ಜಾಮೀನಿಗೆ ಬಂದು ನಿಂತಿದೆ.

ಚೀನಾದ ಬೇಲಿಯೂ ಕೊನೆಗೆ ಮುರಿಯಿತು, ಅದನ್ನೂ ಹೇಳಬೇಕು. ಛಿಂಗ್ ದೊರೆಗಳು ತಮಗೆ ಬಂದ ವರದಿಗಳ ಮೇಲೆ ಕುಂಕುಮ ಬಣ್ಣದ ಮಸಿಯಲ್ಲಿ ಗೀಚುತ್ತಿದ್ದ ಮಾತು 'ಗೊತ್ತಾಯಿತು'. ಅದನ್ನೇ ಆ ಮೀಸಲು 'ಜೆನ್' ಸಮೇತ, 'ನನಗೆ ಗೊತ್ತಾಯಿತು' ಎಂದು ಅಂಟುಪಟ್ಟಿಯ ಮೇಲೆ ಅಚ್ಚು ಹಾಕಿ ತೈಪೆಯ ಅರಮನೆ ವಸ್ತುಸಂಗ್ರಹಾಲಯ 2013ರಲ್ಲಿ ಮಾರಾಟಕ್ಕಿಟ್ಟಿತು. ಜನ ಮುಗಿಬಿದ್ದು ಕೊಂಡರು. ಎರಡು ಸಾವಿರ ವರ್ಷ ಒಬ್ಬನದೇ ಆಗಿದ್ದ 'ನಾನು' ರಟ್ಟಿನ ಡಬ್ಬಿಗಳಿಗೆ ಮೆತ್ತಿಕೊಂಡಿತು.

ಸಿಂಧನೂರು, ಮಸ್ಕಿ, ಲಿಂಗಸುಗೂರು, ನಮ್ಮ ಈ ಮೂರೂ ಊರುಗಳಿಗೆ ಹತ್ತಿರದ ರಾಜಾಜ್ಞೆ ಅಶೋಕನದಲ್ಲ, ನಿಜಾಮರದು. ಬಿಜಾಪುರದ ಆದಿಲಶಾಹಿ, ಮೊಗಲರು, ಆಮೇಲೆ ನಿಜಾಮರು, ನಡುವೆ 1853ರಿಂದ 1860ರವರೆಗೆ ರಾಯಚೂರು ದೋಆಬಿನಲ್ಲಿ ಬ್ರಿಟಿಷರು, ಮತ್ತೆ ನಿಜಾಮರು. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ಈ ಶತಮಾನಗಳಲ್ಲಿ ಫರ್ಮಾನು, ಸನದು, ಪರವಾನಿ, ಹುಕುಂ, ತಾಕೀದು ಎಲ್ಲ ಇಲ್ಲಿನ ಮಣ್ಣಿಗಿಳಿದವು. ಫರ್ಮಾನು ದೊರೆಯದು, ಸನದು ಜಮೀನಿನದೋ ಹುದ್ದೆಯದೋ ಹಕ್ಕುಪತ್ರ, ಹುಕುಂ ಮಾತ್ರ ತಹಶೀಲಿನ ಸಾಮಾನ್ಯ ಅಧಿಕಾರಿಯ ಬಾಯಲ್ಲೂ ಇರಬಹುದು. ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದು ಫರ್ಮಾನಿನಿಂದ. ಹೈದರಾಬಾದು 1948ರ ಸೆಪ್ಟೆಂಬರಿನಲ್ಲಿ ಭಾರತದ ತೆಕ್ಕೆಗೆ ಬಂದ ಮೇಲೂ ಫರ್ಮಾನು ಒಂದು ವರ್ಷ ಜೀವ ಹಿಡಿದಿತ್ತು. 1949ರ ನವೆಂಬರಿನಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಇನ್ನೊಂದು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂದು ಒಪ್ಪಿಕೊಂಡರು. ಇನ್ನು ಮೇಲೆ ಫರ್ಮಾನುಗಳಿಗೆ ಕೆಲಸವಿಲ್ಲ ಎಂದು ಹೇಳಲು ಒಂದು ಫರ್ಮಾನೇ ಬೇಕಾಯಿತು. ಚೀನಾದಲ್ಲೂ ಹಾಗೇ, 1912ರ ಫೆಬ್ರುವರಿ 12ರಂದು ಬಾಲಕ ಚಕ್ರವರ್ತಿ ಪೂಯಿಯ ಪರವಾಗಿ ರಾಜಮಾತೆ ಲುಂಗ್ ಯು ಸಿಂಹಾಸನ ಬಿಟ್ಟುಕೊಟ್ಟದ್ದು ರಾಜಾಜ್ಞೆಯ ಮೂಲಕವೇ.

ನಮ್ಮ ಮಣ್ಣಿಗಿಳಿದ ಆ ಮಾತುಗಳಲ್ಲಿ ಫರ್ಮಾನು ಈಗ ಪತ್ರಿಕೆಗಳ ಶೀರ್ಷಿಕೆಗೆ ಸೇರಿದೆ, ಪಕ್ಷದ ವರಿಷ್ಠರನ್ನು ಕುಟುಕಲು ಉಪಸಂಪಾದಕರಿಗೆ ಸಿಕ್ಕ ಅಗ್ಗದ ಅಸ್ತ್ರ. ಹುಕುಂ ಮನೆಯೊಳಗೆ ವ್ಯಂಗ್ಯಕ್ಕಿದೆ, 'ಏನ್ ಹುಕುಂ ಆಗ್ಯದ ಸಾಹೇಬರದು' ಎಂದು ಹೆಂಡತಿ ಗಂಡನ ಫೋನಿಗೆ ಕಿವಿ ಕೊಡುವಾಗ. ಆದರೆ ಹುಕುಂ ಇಂದಿಗೂ ಗಂಭೀರವಾಗಿ, ಕಾನೂನಿನ ಬಲದೊಂದಿಗೆ ಬದುಕಿರುವ ಜಾಗ ಒಂದಿದೆ. ಅಲ್ಲಿ ಅದು ಇಲ್ಲದಿರುವುದಕ್ಕಾಗಿಯೇ ಇದೆ. ಬಗರ್ ಹುಕುಂ. ಬಗರ್ ಎಂದರೆ ಇಲ್ಲದೆ. ಸರ್ಕಾರಿ ಜಮೀನನ್ನು ಹುಕುಂ ಇಲ್ಲದೆ ಉತ್ತವರ ಸಾಗುವಳಿ. ಅಜ್ಜ ಕಲ್ಲು ಆಯ್ದು ಹಸನು ಮಾಡಿದ, ಅಪ್ಪ ಜೋಳ ಬಿತ್ತಿದ, ಮಗ ಈಗ ತೊಗರಿ ಹಾಕುತ್ತಾನೆ, ಪಹಣಿಯಲ್ಲಿ ಮಾತ್ರ ಹೆಸರಿಲ್ಲ. ಸಕ್ರಮ ಮಾಡಿಕೊಡಿ ಎಂದು ಅರ್ಜಿ ಹಾಕುವ ನಮೂನೆಗಳು 50, 53, ಕೊನೆಗೆ 2018ರ ಹೊತ್ತಿಗೆ 57 ಎಂದು ಬಂದವು. ಅರ್ಜಿ ನೋಡುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ಈಚೆಗೆ ಅದಕ್ಕೊಂದು ಆ್ಯಪ್ ಕೂಡ ಬಂದಿದೆ, ಉಪಗ್ರಹದ ಚಿತ್ರ ನೋಡಿ ಉಳುಮೆ ನಿಜವೇ ಎಂದು ಪರೀಕ್ಷಿಸಲು.

ಅಶೋಕನಿಂದ ನಿಜಾಮರವರೆಗೆ ಇಲ್ಲಿ ಆಳಿದ ಯಾವ ದೊರೆಯೂ ಇಷ್ಟು ಜನರ ನಾಲಿಗೆಯ ಮೇಲೆ ತನ್ನ ಹುಕುಂ ಉಳಿಸಿ ಹೋಗಲಿಲ್ಲ, ಹುಕುಂ ಮೀರಿದ ರೈತ ಉಳಿಸಿದ. ಅರ್ಜಿ ಮಂಜೂರಾದರೆ ತಹಶೀಲ್ದಾರರ ಸಹಿಯ ಸಾಗುವಳಿ ಚೀಟಿ ಕೈಗೆ ಬರುತ್ತದೆ. ಆ ದಿನದಿಂದ ದಾಖಲೆಯಲ್ಲಿ ಅದು ಪಟ್ಟಾ ಜಮೀನು. ಊರಿನಲ್ಲಿ ದಾರಿ ಕೇಳಿ ನೋಡಿ, ಮೂರನೇ ತಲೆಮಾರಿಗೂ ಅದು ಬಗರ್ ಹುಕುಂ ಹೊಲವೇ.